ಹತ್ತನೇ ದಿನ

ಪುಟ್ಟಿ,

ಹಬ್ಬದ ದಿನ, ಭಯದ ಮಾತ್ರೆಗಳನ್ನು ಲ್ಯಾಬಿನ ಇಲಿಗಳ ಮೇಲೆ ಪರೀಕ್ಷಿಸುವ ನಿನ್ನ ಕೆಲಸದ ಮಾತು ಬಂದಾಗ, ನೀನು ಎಲೆ ಮುಂದಿನಿಂದ ಎದ್ದು ಹೋದೆ. "ಇಲಿಗೆ ಹಿಂಸೆ ಕೊಡೋಕೆ ನಿನ್ನ ಓದಿಸಿದ್ದಾ?" ಅಂದದ್ದು ನಾನು. ತಪ್ಪಾಯಿತು ಮಗಳೇ.

ಹಿಂದಿನ ರಾತ್ರಿ ನೀನು ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಸುಮಂತ್ರ ಚಟರ್ಜಿಯವರ ತಂಡ 2005ರಲ್ಲಿ ತೋರಿಸಿದ್ದು. ಇಲಿಯನ್ನು ಒಂದೇ ಸಲ, ಎರಡು ಗಂಟೆ, ಅಲ್ಲಾಡದಂತೆ ಹಿಡಿದಿಟ್ಟರು. ಮರುದಿನ ಏನೂ ಇಲ್ಲ. ಹತ್ತು ದಿನ ಬಿಟ್ಟು ನೋಡಿದರೆ ಅದಕ್ಕೆ ಭಯ. ಮೆದುಳಿನಲ್ಲಿ ಭಯಕ್ಕೆ ಸಂಬಂಧಿಸಿದ ಭಾಗವಾದ ಅಮಿಗ್ಡಲಾದ ನರಕೋಶಗಳ ಕೊಂಬೆಗಳಲ್ಲಿ, ಬೇರೆ ಕೋಶಗಳ ಜೊತೆ ಕೊಂಡಿಯಾಗುವ ಸಣ್ಣ ಮುಳ್ಳುಗಳೂ ಜಾಸ್ತಿಯಾಗಿದ್ದವು.

2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ರಾತ್ರಿ ನಿನಗೂ ಗೊತ್ತು, ಅದು ಬೇಡ. ಆಮೇಲಿನದ್ದು ನಿನಗೆ ಗೊತ್ತಿಲ್ಲ, ನೀನು ಹಾಸ್ಟೆಲಿಗೆ ಹೋಗಿಬಿಟ್ಟಿದ್ದೆ. ಪರಿಹಾರ ಕೇಂದ್ರದಲ್ಲಿ ನಾನು ಅಳಲಿಲ್ಲ. ಎಲ್ಲರಿಗೂ ಅನ್ನ ಬಡಿಸಿದೆ. "ಎಷ್ಟು ಗಟ್ಟಿ ಹೆಂಗಸು" ಅಂದರು. ಹತ್ತೋ ಹನ್ನೆರಡೋ ದಿನ ಕಳೆದಿರಬೇಕು, ಚಿಕ್ಕಮ್ಮನ ಮನೆಯ ಶೀಟಿನ ಮೇಲೆ ಮಳೆ ಬಿತ್ತು. ಕೈಲಿದ್ದ ಚೊಂಬು ಜಾರಿತು. ನೀರು ಹಾಸಿಗೆಯವರೆಗೆ ಹರಿದರೂ ಬಗ್ಗಿ ಒರೆಸಲು ಆಗಲಿಲ್ಲ. ಗೋಡೆ ಹಿಡಿದು ನಿಂತೇ ಇದ್ದೆ. ಇಷ್ಟು ದಿನ ಸರಿಯಿದ್ದವಳಿಗೆ ಈಗೇನು ನಾಟಕ ಅಂತ ನನಗೇ ನಾಚಿಕೆ. ಆ ಚೊಂಬು ಇನ್ನೂ ಇದೆ, ಅಂಚು ತಗ್ಗಾಗಿದೆ. ಆ ಇಲಿಯ ಹತ್ತನೇ ದಿನದ ಕಥೆಯನ್ನು ಯಾರಾದರೂ ಆಗಲೇ ನನಗೆ ಹೇಳಿದ್ದರೆ!

ಡಾಕ್ಟರು ಮಾತ್ರೆ ಕೊಟ್ಟರು. ನೀನು ಹೇಳಿದ, ಆತಂಕ ತಗ್ಗಿಸುವ ಡಯಾಜೆಪಾಮ್ ಜಾತಿಯದೇ. ನಿದ್ದೆ ಬಂತು. ಮಳೆಯ ಭಯ ಹೋಗಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಮ್ಮೆಲೇ ನಿಲ್ಲಿಸಿದೆ, ಕೈ ನಡುಕ ಮೊದಲಿಗಿಂತ ಜಾಸ್ತಿಯಾಯಿತು. ಹಾಗೆ ನಿಲ್ಲಿಸಬಾರದು ಅಂತ ಯಾರೂ ಹೇಳಿರಲಿಲ್ಲ.

ಅದಕ್ಕೇ ಹೇಳ್ತೀನಿ ಕೇಳು. ನಿಮ್ಮ ಲ್ಯಾಬಿನಲ್ಲಿ ನೆಲದಿಂದ ಎತ್ತರದಲ್ಲಿಟ್ಟ, ಕೂಡುವ ಗುರುತಿನ (+) ಆಕಾರದ ಹಾದಿಯಲ್ಲಿ ಇಲಿಯನ್ನು ಐದು ನಿಮಿಷ ಬಿಡ್ತೀರಿ. ಎರಡು ಕವಲಿಗೆ ಗೋಡೆ ಇದೆ, ಎರಡಕ್ಕಿಲ್ಲ; ಹೆದರಿದ ಇಲಿ ಗೋಡೆಯಿರುವ ಕಡೆಗೇ ಇರುತ್ತೆ. ಮಾತ್ರೆ ತಿಂದ ಇಲಿ ಗೋಡೆಯಿಲ್ಲದ ಕಡೆ ಜಾಸ್ತಿ ಓಡಾಡಿದರೆ ಔಷಧ ಕೆಲಸ ಮಾಡಿತು ಅಂತ ಬರೆದುಕೊಳ್ತೀರಿ. ಅಷ್ಟಕ್ಕೇ ಬಿಡಬೇಡ. ಮಾತ್ರೆ ನಿಲ್ಲಿಸಿದ ಮೇಲೂ ನೋಡು. ತಿಂಗಳು ಬಿಟ್ಟು ನೋಡು. ಹೆಣ್ಣಿಲಿಗಳನ್ನೂ ನೋಡು. ಹಿಡಿಯುವಾಗ ಮೆಲ್ಲಗೆ ಹಿಡಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೋಡು, ಮತ್ತೆ ಶುರು ಮಾಡಿದೆ.

ಇಲಿ ಪಾಪ ಅಂತ ಈಗಲೂ ಅನ್ನಿಸುತ್ತೆ, ಸುಳ್ಳು ಹೇಳಲಾರೆ. ಆದರೆ ಮಗಳು ಏನು ಓದುತ್ತಿದ್ದಾಳೆ ಅಂತ ಯಾರಾದರೂ ಕೇಳಿದರೆ ಕೆಲಸ ಬಿಟ್ಟು ಕೂತು ಹೇಳ್ತೀನಿ.

ಸಂಜೆಯಿಂದ ಇಲ್ಲಿ ಮಳೆ. ಲ್ಯಾಬಿಂದ ಬಂದಮೇಲೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದೇ ಇರ್ತೀನಿ.

ಅಮ್ಮ