ಮೆದುಳಿನ ಎಣ್ಣೆ ಕಮಟುವ ಬಗ್ಗೆ ಬಸೂಗೊಂದು ಪತ್ರ

ಪ್ರೀತಿಯ ಬಸೂ,

ನೀನು ಕಳಿಸಿದ ಮೀನೆಣ್ಣೆ ಗುಳಿಗೆಯ ಡಬ್ಬಿ ನಿನ್ನೆ ಮುಟ್ಟಿತು. ಜೊತೆಗಿದ್ದ ಚೀಟಿಯನ್ನೂ ಓದಿದೆ, "ಅಪ್ಪಗ ಇದನ್ನ ಕೊಡ್ಲೇನು?" ಒಂದು ಗುಳಿಗೆಯನ್ನು ಬ್ಲೇಡಿನಿಂದ ಸೀಳಿ ಮೂಗಿಗೆ ಹಿಡಿದೆ. ಮೀನಿನ ವಾಸನೆಯಷ್ಟೇ ಅಲ್ಲ, ಕಮಟು ನಾತ. ನಿಮ್ಮ ಮನೆಯ ಅಗಸಿ ಹಿಂಡಿ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಡಬ್ಬಿಯಲ್ಲೇ ಉಳಿದರೆ ಮುಚ್ಚಳ ತೆಗೆದಾಗ ಬರುತ್ತಿತ್ತಲ್ಲ, ಅದೇ ಜಾತಿಯದು. ಕಾಕೂ ಒಮ್ಮೆ ಮೂಸಿ ನೋಡಿ, ಮಾತಾಡದೆ ತಿಪ್ಪೆಗೆ ಸುರಿದು ಬರುತ್ತಿದ್ದರು. ಆ ವಾಸನೆಗೂ ನಿಮ್ಮಪ್ಪ ಕಾಕಾರ ಮರೆವಿಗೂ ನಂಟಿದೆ. ಅದಕ್ಕೇ ಫೋನಿನಲ್ಲಿ ಹೌದು, ಬೇಡ ಎನ್ನದೆ ಬರೆಯಲು ಕೂತೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಂ ಇದೆ. ನೋಡಲು ಹೋದವರಿಗೆ ನಿಜವಾದ ಮೆದುಳನ್ನೇ ಮುಟ್ಟಲು ಕೊಡುತ್ತಾರೆ. ನಾನು ಹಿಡಿದದ್ದು ಫಾರ್ಮಲಿನ್‌ನಲ್ಲಿ ಬಿಗಿಗೊಂಡು ರಬ್ಬರಿನಂತಾಗಿತ್ತು. ಅಂಗೈಯಲ್ಲಿ ಅದರ ಭಾರ ತೂಗುತ್ತಾ ನಿಂತಾಗ ಇದರೊಳಗೆ ಒಬ್ಬ ಮನುಷ್ಯನ ಇಡೀ ಬದುಕು ಇತ್ತಲ್ಲ ಅನಿಸಿ ಗಂಟಲು ಕಟ್ಟಿತು. ಮೆದುಳಿನಿಂದ ನೀರನ್ನೆಲ್ಲ ತೆಗೆದರೆ ಉಳಿಯುವ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ. ಹೊಟ್ಟೆಯ ಬೊಜ್ಜಿನ ಹಾಗೆ ಕೂಡಿಟ್ಟ ಕೊಬ್ಬಲ್ಲ ಇದು. ನರಕೋಶಗಳ ಗೋಡೆಯನ್ನು ಕಟ್ಟಿರುವುದೇ ಇದರಿಂದ.

ಈ ಗೋಡೆಯಲ್ಲಿ, ಮೀನೆಣ್ಣೆಯಲ್ಲೂ ಇರುವ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬು ಬಹಳ. 22 ಇಂಗಾಲಗಳ ಸರಪಳಿ, ಅದರಲ್ಲಿ 6 ಕಡೆ ದ್ವಿಬಂಧ, ಅಂದರೆ ಎರಡು ಇಂಗಾಲಗಳ ನಡುವೆ ಜೋಡಿ ಕೊಂಡಿ. ಪ್ರತಿ ದ್ವಿಬಂಧದಲ್ಲೂ ಸರಪಳಿ ಬಾಗುತ್ತದೆ. ಹಾಗಾಗಿ ಇಂಥ ಸರಪಳಿಗಳು ಒತ್ತೊತ್ತಾಗಿ ಕೂರುವುದಿಲ್ಲ, ಗೋಡೆ ಸಡಿಲವಾಗಿ, ಚುರುಕಾಗಿ ಇರುತ್ತದೆ. ಒಂದು ನರಕೋಶ ಇನ್ನೊಂದಕ್ಕೆ ಕ್ಷಣದಲ್ಲಿ ಸುದ್ದಿ ಮುಟ್ಟಿಸಲು ಈ ಸಡಿಲು ಬೇಕು.

ತೊಂದರೆ ಇರುವುದೂ ಅಲ್ಲೇ. ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಜಲಜನಕದ ಹಿಡಿತ ಬಲು ಸಡಿಲ. ದಾರಿಯಲ್ಲಿ ಹೋಗುವ, ಒಂಟಿ ಎಲೆಕ್ಟ್ರಾನ್‌ನಿಂದ ಚಡಪಡಿಸುವ ಒಂದು ಫ್ರೀ ರ‍್ಯಾಡಿಕಲ್ ಅದನ್ನು ಕಿತ್ತುಕೊಂಡರೆ ಸಾಕು, ಆ ಜಾಗಕ್ಕೆ ಆಮ್ಲಜನಕ ಬಂದು ಅಂಟುತ್ತದೆ. ಈಗ ಈ ಕೊಬ್ಬೇ ಹಸಿದಂತಾಗಿ ಪಕ್ಕದ ಕೊಬ್ಬಿನ ಜಲಜನಕಕ್ಕೆ ಕೈ ಹಾಕುತ್ತದೆ. ಅದು ಅದರ ಪಕ್ಕದ್ದಕ್ಕೆ. ಹುಲ್ಲಿನ ಬಣವೆಗೆ ಕಿಡಿ ಬಿದ್ದಂತೆ. ಅಗಸೆ ಎಣ್ಣೆಯ ಮುಖ್ಯ ಕೊಬ್ಬಿನಲ್ಲಿ ದ್ವಿಬಂಧ ಮೂರೇ, ಅಷ್ಟಕ್ಕೇ ಅದು ಗಾಳಿಗೆ ಬೇಗ ಕಮಟುತ್ತದೆ, ಮರಕ್ಕೆ ಬಳಿದರೆ ಒಣಗಿ ಪದರವಾಗುತ್ತದೆ. ದ್ವಿಬಂಧ ಬಹಳ ಕಡಿಮೆ ಇರುವ ಕೊಬ್ಬರಿ ಎಣ್ಣೆ ಅಷ್ಟು ಬೇಗ ಕೆಡುವುದಿಲ್ಲ. ಆರು ದ್ವಿಬಂಧದ್ದರ ಗತಿ ನೀನೇ ಊಹಿಸು.

ಅದೂ ಎಂಥ ಜಾಗದಲ್ಲಿ! ದೇಹದ ತೂಕದಲ್ಲಿ ಮೆದುಳು ಸುಮಾರು 2 ಶೇಕಡ, ಆದರೆ ನಾವು ಸೇವಿಸುವ ಆಮ್ಲಜನಕದಲ್ಲಿ ಸುಮಾರು 20 ಶೇಕಡ ಅದಕ್ಕೇ ಬೇಕು. ಸಾಲದ್ದಕ್ಕೆ ಕೆಲವು ಭಾಗಗಳಲ್ಲಿ ಕಬ್ಬಿಣವೂ ಹೆಚ್ಚು, ಕಬ್ಬಿಣ ಈ ಕಿಡಿಗೆ ಗಾಳಿ ಹಾಕುತ್ತದೆ. ಹುಟ್ಟುವ ಕಿಡಿಗಳು ಆರಿಸುವ ಶಕ್ತಿಯನ್ನು ಮೀರಿದ ಸ್ಥಿತಿಗೇ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುವುದು. ಮನಸ್ಸಿನ ಟೆನ್ಷನ್ ಬೇರೆ, ಇದು ಬೇರೆ.

ಆರಿಸುವವರೂ ಇದ್ದಾರೆ. ಇ ವಿಟಮಿನ್ ಆ ಕೊಬ್ಬಿನ ಗೋಡೆಯೊಳಗೇ ಇದ್ದು, ತನ್ನ ಜಲಜನಕವನ್ನು ಕೊಟ್ಟು ಸರಪಳಿಯನ್ನು ಅಲ್ಲಿಗೇ ಕಡಿಯುತ್ತದೆ. ಹುಟ್ಟಿನಿಂದಲೇ ಒಂದು ಜೀನ್ ಕೆಟ್ಟು, ಇ ವಿಟಮಿನ್ನನ್ನು ದೇಹದಲ್ಲಿ ಉಳಿಸಿಕೊಳ್ಳಲಾಗದವರಿದ್ದಾರೆ. ಅವರಿಗೆ ಮೆಲ್ಲಗೆ ನಡಿಗೆಯ ತೋಲ ತಪ್ಪುತ್ತದೆ. ಬೇಗ ಪತ್ತೆ ಹಚ್ಚಿ ಆ ವಿಟಮಿನ್ ಕೊಟ್ಟರೆ ಕಾಯಿಲೆ ಅಲ್ಲೇ ನಿಲ್ಲುತ್ತದೆ. ನರಗಳಿಗೆ ಈ ಕಾವಲು ಎಷ್ಟು ಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಉಳಿದವರಿಗೂ ವಯಸ್ಸಾದಂತೆ ಕಾವಲು ತೆಳುವಾಗುತ್ತದೆ. ತೀರಿಕೊಂಡವರ ಮನೆಯವರು ದಾನ ಕೊಟ್ಟ ಮೆದುಳುಗಳನ್ನು ನಿಮ್ಹಾನ್ಸ್‌ನವರು ಕಾಪಿಟ್ಟಿದ್ದಾರೆ. ಅಲ್ಲಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದು ಇದನ್ನೇ: ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನಲ್ಲಿ ವಯಸ್ಸಿನೊಂದಿಗೆ ಈ ಹಾನಿ ಏರುತ್ತದೆ, ರಕ್ಷಣೆ ಇಳಿಯುತ್ತದೆ.

"ಹಂಗಾದ್ರ ಎಣ್ಣಿ ತುಂಬಿದ್ರ ಆತಲ್ಲ" ಅಂತೀಯ. ಆಗಲಿಲ್ಲ ಬಸೂ. ದೊಡ್ಡವರ ಮೆದುಳು ದಿನಕ್ಕೆ ಹೀರಿಕೊಳ್ಳುವ ಡಿಎಚ್‌ಎ ಸುಮಾರು 4 ಮಿಲಿಗ್ರಾಂ ಮಾತ್ರ. ಬಂದದ್ದನ್ನು ವರ್ಷಗಟ್ಟಲೆ ಜೋಪಾನ ಮಾಡುತ್ತದೆ. ಅಲ್ಝೈಮರ್ಸ್ ಇದ್ದವರಿಗೆ ದಿನಕ್ಕೆ 2 ಗ್ರಾಂನಂತೆ 18 ತಿಂಗಳು ಕೊಟ್ಟು ನೋಡಿದರು. ಅಮೆರಿಕದ ಆ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು, ಕಾಯಿಲೆಯ ವೇಗ ತಗ್ಗಿರಲಿಲ್ಲ. ಇ ವಿಟಮಿನ್ ಭಾರೀ ಪ್ರಮಾಣದಲ್ಲಿ ಕೊಟ್ಟಾಗ ದಿನದ ಕೆಲಸಗಳನ್ನು ಮಾಡಿಕೊಳ್ಳುವ ಶಕ್ತಿ ಕುಂದುವುದು ಸ್ವಲ್ಪ ನಿಧಾನವಾಯಿತು ಎಂದು 2014ರ ಇನ್ನೊಂದು ಪ್ರಯೋಗ ತೋರಿಸಿತು, ನೆನಪು ಮಾತ್ರ ಉಳಿಯಲಿಲ್ಲ. ಅದನ್ನೂ ನಾವೇ ಶುರು ಮಾಡುವ ಹಾಗಿಲ್ಲ. ಆರೋಗ್ಯವಾಗಿದ್ದ ಗಂಡಸರು ದಿನಾ 400 ಯೂನಿಟ್ ಇ ವಿಟಮಿನ್ ತೆಗೆದುಕೊಂಡಾಗ ಅವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಶೇಕಡ ಹೆಚ್ಚಾದದ್ದು 2011ರಲ್ಲಿ ಗೊತ್ತಾಯಿತು. ಅಲ್ಲದೆ ಕಾಕಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದಾರೆ. ಅದರ ಜೊತೆ ಹೆಚ್ಚು ಇ ವಿಟಮಿನ್ ಸೇರಿದರೆ ರಕ್ತಸ್ರಾವದ ಭಯ.

ಡಬ್ಬಿ ಬೇಡ. ದುಡ್ಡು ಹೋಯಿತೆಂದು ಕೊರಗಬೇಡ, ಮಗನಾದವನು ಕೈಕಟ್ಟಿ ಕೂರುವುದು ಹೇಗೆ? ಆ ಕಳವಳವನ್ನು ಬೇರೆ ಕಡೆ ತಿರುಗಿಸು. ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯಾ? ಇವೆರಡು ಕಡಿಮೆಯಿದ್ದರೂ ಮರೆವು ಬರುತ್ತದೆ, ಅದಕ್ಕೆ ಔಷಧಿ ಇದೆ. ಬಿಪಿ ತಿಂಗಳಿಗೊಮ್ಮೆ ಅಲ್ಲ, ವಾರಕ್ಕೊಮ್ಮೆ ನೋಡಿಸು. ಎಡಗಿವಿ ಕೇಳಿಸುತ್ತಿಲ್ಲ ಅಂದಿದ್ದೆ, ಮಷಿನ್ ಹಾಕಿಸುವುದನ್ನು ಮುಂದೂಡಬೇಡ. ಕಾಕಾರಿಗೆ ಬೇಕಿದ್ದರೆ ಅಗಸಿ ಹಿಂಡಿ ತಿನ್ನಲಿ. ವೈನಿಗೆ ಹೇಳು, ವಾರಕ್ಕಾಗುವಷ್ಟೇ ಕುಟ್ಟಲಿ, ತಂಪಿನ ಜಾಗದಲ್ಲಿ ಇಡಲಿ.

ರಿಪೋರ್ಟುಗಳ ಫೋಟೋ ಕಳಿಸು. ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಾನೂ ಕಾಕಾ ಕೆರೆ ದಂಡೆಯವರೆಗೆ ನಡೆದು ಬರುತ್ತೇವೆ.

ನಿನ್ನ,
ಗೆಳೆಯ