ಒಂದು ಏರ್‌ಪೋರ್ಟಿನ ಉತ್ತರ ಕೊಟ್ಟು ಎರಡು ಏರ್‌ಪೋರ್ಟಿನ ಟಿಕೆಟ್ ಮಾರಿದ್ದೀರಿ

ಗೆ,
ದೂರು ಪರಿಹಾರ ಅಧಿಕಾರಿಗಳು,
ವಿಮಾನ ಟಿಕೆಟ್ ಬುಕಿಂಗ್ ಆ್ಯಪ್ ವಿಭಾಗ

ವಿಷಯ: ಬೆಂಗಳೂರು – ಫ್ರಾಂಕ್‌ಫರ್ಟ್ – ಲಿಸ್ಬನ್ – ಬಾಸ್ಟನ್ ಟಿಕೆಟ್. ಟ್ರಾನ್ಸಿಟ್ ವೀಸಾ (ದಾರಿಯಲ್ಲಿ ವಿಮಾನ ಬದಲಿಸುವ ದೇಶದ ವೀಸಾ) ಬಗ್ಗೆ ತಪ್ಪು ಮಾಹಿತಿ ಕೊಟ್ಟಿದ್ದರಿಂದ ಆದ 2,07,560 ರೂಪಾಯಿ ನಷ್ಟ.

ನಮಸ್ಕಾರ.

ಇದು ನಾನು ನಿಮಗೆ ಬರೆಯುತ್ತಿರುವ ಮೂರನೇ ಪತ್ರ. ಮೊದಲ ಎರಡಕ್ಕೂ ಒಂದೇ ಉತ್ತರ ಬಂತು, ಒಂದಕ್ಷರವೂ ಆಚೀಚೆ ಇಲ್ಲ: ‘ವೀಸಾ ಮತ್ತು ಪ್ರಯಾಣದ ದಾಖಲೆಗಳು ಪ್ರಯಾಣಿಕರ ಜವಾಬ್ದಾರಿ.’ ನಾನು ಅದನ್ನು ಒಪ್ಪುತ್ತೇನೆ. ಒಪ್ಪಿದ್ದಕ್ಕೇ ದುಡ್ಡು ಕಟ್ಟುವ ಮೊದಲು ನಿಮ್ಮನ್ನು ಕೇಳಿದ್ದು. ಕೇಳಿದಾಗ ನೀವು ಏನು ಹೇಳಿದಿರಿ ಅನ್ನೋದೇ ನನ್ನ ದೂರು. ಅದರ ಬಗ್ಗೆ ಇವತ್ತಿನವರೆಗೂ ನಿಮ್ಮ ಕಡೆಯಿಂದ ಒಬ್ಬರೂ ಮಾತಾಡಿಲ್ಲ.

ನನ್ನ ತಂಗಿ ಬಾಸ್ಟನ್‌ನಲ್ಲಿದ್ದಾಳೆ. ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಅಪ್ಪ ಅಮ್ಮ ಹೋಗಬೇಕಿತ್ತು, ಇಬ್ಬರಿಗೂ ಮೊದಲ ವಿದೇಶ ಪ್ರಯಾಣ. ಅಪ್ಪ ಹೈಸ್ಕೂಲು ಮೇಷ್ಟ್ರಾಗಿ ರಿಟೈರ್ ಆದವರು. ಅಮ್ಮ ದೂರ ಹೋಗಿದ್ದು ಅಂದ್ರೆ ತಿರುಪತಿ, ಒಂದು ಸಲ ಕಾಶಿ. ಅಮೆರಿಕದ ವೀಸಾಕ್ಕೆ ತಿಂಗಳುಗಟ್ಟಲೆ ಕಾದು, ಚೆನ್ನೈಗೆ ಹೋಗಿ ಇಂಟರ್‌ವ್ಯೂ ಮುಗಿಸಿ, ಪಾಸ್‌ಪೋರ್ಟಿನಲ್ಲಿ ಹತ್ತು ವರ್ಷದ ವೀಸಾ ಬಂದ ದಿನ ಅಪ್ಪ ಅದನ್ನು ದೇವರ ಮುಂದೆ ಇಟ್ಟರು. ಇನ್ನು ಟಿಕೆಟ್ ಒಂದೇ ಬಾಕಿ ಅಂದುಕೊಂಡೆವು.

ನಿಮ್ಮ ಆ್ಯಪ್ ತೆಗೆದಾಗ ಮೇಲೆ ಕಾಣಿಸಿದ್ದು ಈ ಟಿಕೆಟ್. ಬೆಂಗಳೂರಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಲಿಸ್ಬನ್, ಅಲ್ಲಿಂದ ಬಾಸ್ಟನ್. ಇಬ್ಬರಿಗೆ 1,46,800 ರೂಪಾಯಿ. ಅದರ ಕೆಳಗೇ ಫ್ರಾಂಕ್‌ಫರ್ಟಿನಿಂದ ನೇರ ಬಾಸ್ಟನ್‌ಗೆ ಹೋಗುವ ಟಿಕೆಟ್ ಕೂಡ ಇತ್ತು, 11,600 ಜಾಸ್ತಿ. ವಯಸ್ಸಾದವರು, ಎರಡು ಕಡೆ ವಿಮಾನ ಬದಲಿಸಬೇಕಲ್ಲ ಅಂತ ನನಗೇ ಅಳುಕಿತ್ತು. ಅದಕ್ಕೇ ಬುಕ್ ಮಾಡುವ ಮೊದಲು ನಿಮ್ಮ ಚಾಟ್‌ಗೆ ಹೋದೆ. ನಾನು ಕೇಳಿದ್ದು ಇಷ್ಟು: ‘ಪ್ರಯಾಣಿಕರು ಭಾರತೀಯ ಪಾಸ್‌ಪೋರ್ಟಿನವರು, ಅಮೆರಿಕದ ಬಿ1/ಬಿ2 ವೀಸಾ ಇದೆ, ಷೆಂಗೆನ್ ವೀಸಾ ಇಲ್ಲ, ಈ ಟಿಕೆಟ್ಟಿಗೆ ಟ್ರಾನ್ಸಿಟ್ ವೀಸಾ ಬೇಕಾ?’ (ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟ.) ಟಿಕೆಟ್ಟಿನ ಪೂರ್ತಿ ವಿವರದ ಫೋಟೋವನ್ನೂ ಪ್ರಶ್ನೆಯ ಜೊತೆಗೇ ಹಾಕಿದ್ದೆ. ಒಂದೇ ನಿಮಿಷದಲ್ಲಿ ಉತ್ತರ ಬಂತು: ‘ಬೇಡ ಮೇಡಂ, ವ್ಯಾಲಿಡ್ ಯುಎಸ್ ವೀಸಾ ಇದ್ದರೆ ಟ್ರಾನ್ಸಿಟ್ ವೀಸಾ ಬೇಕಿಲ್ಲ, ನಿಶ್ಚಿಂತೆಯಿಂದ ಬುಕ್ ಮಾಡಿ.’ ಮತ್ತೊಮ್ಮೆ ಕೇಳಿದೆ, ಲಿಸ್ಬನ್‌ಗೂ ಬೇಡವಾ ಅಂತ. ‘ಬೇಡ ಮೇಡಂ’ ಅಂದರು. ಆ ಚಾಟಿನ ಪ್ರತಿ ಈ ಪತ್ರದ ಜೊತೆಗಿದೆ, ದಯವಿಟ್ಟು ತೆರೆದು ಓದಿ.

ಹೋದ ತಿಂಗಳು 14ರ ಸಂಜೆ ದಾವಣಗೆರೆಯಿಂದ ಕಾರಿನಲ್ಲಿ ಹೊರಟೆವು. ತುಮಕೂರು ದಾಟಿ, ದಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರುವಷ್ಟರಲ್ಲಿ ರಾತ್ರಿ ಹನ್ನೊಂದೂವರೆ. ಅಮ್ಮ ಹದಿನೈದು ದಿನದಿಂದ ಒಂದೊಂದಾಗಿ ಮಾಡಿಟ್ಟಿದ್ದ ಸಾಮಾನು ಎರಡು ಸೂಟ್‌ಕೇಸಿನಲ್ಲಿತ್ತು: ಅಂಟಿನುಂಡೆ, ಮೆಂತ್ಯದ ಹಿಟ್ಟು, ಬಜೆ, ಹಳೇ ಕಾಟನ್ ಸೀರೆ ಹರಿದು ಒಗೆದು ಮಡಿಸಿದ ಮೆತ್ತನೆ ಬಟ್ಟೆ. ಪ್ರತಿ ಸೂಟ್‌ಕೇಸನ್ನೂ ಮನೆಯಲ್ಲಿ ಮೂರು ಸಲ ತೂಗಿದ್ದೆವು, 23 ಕೆಜಿ ದಾಟಬಾರದು ಅಂತ.

ನಾವು ಮಾಡುವುದನ್ನೆಲ್ಲ ಸರಿಯಾಗಿ ಮಾಡಿದ್ದೆವು.

ಟರ್ಮಿನಲ್ 2ರ ಕೌಂಟರಿನಲ್ಲಿದ್ದ ಹುಡುಗಿ ಅಪ್ಪನ ಪಾಸ್‌ಪೋರ್ಟ್ ತಿರುವಿದಳು. ಅಮೆರಿಕದ ವೀಸಾ ಪುಟ ನೋಡಿದಳು, ಮತ್ತೆ ಮೊದಲಿಂದ ತಿರುವಿದಳು. ‘ಸರ್, ಷೆಂಗೆನ್ ವೀಸಾ ಯಾವ ಪುಟದಲ್ಲಿದೆ?’ ಅಂತ ಕೇಳಿದಳು. ಅಪ್ಪ ಫೈಲಿನಿಂದ ನಿಮ್ಮ ಚಾಟಿನ ಪ್ರಿಂಟ್ ತೆಗೆದು ಮುಂದಿಟ್ಟರು. ಅದನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದರು, ಎಲ್ಲದಕ್ಕಿಂತ ಮೇಲೆ. ಆಕೆ ಪೂರ್ತಿ ಓದಿದಳು. ಓದಿ, ತುಂಬಾ ಮೆಲ್ಲಗೆ, ‘ಸರ್, ಇದು ಫ್ರಾಂಕ್‌ಫರ್ಟ್ ಒಂದಕ್ಕೇ ಆದರೆ ಸರಿ, ನಿಮ್ಮದು ಲಿಸ್ಬನ್‌ಗೂ ಇದೆಯಲ್ಲ’ ಅಂದಳು. ಅಷ್ಟು ಹೊತ್ತಿಗೆ ಒಂದು ಸೂಟ್‌ಕೇಸ್ ಬೆಲ್ಟಿನ ಮೇಲಿತ್ತು. ಅದನ್ನು ಅಪ್ಪನೇ ಬಗ್ಗಿ ವಾಪಸ್ ಎತ್ತಿಕೊಂಡರು.

ಆಕೆಯ ಮೇಲೆ ನನಗೆ ಯಾವ ಬೇಸರವೂ ಇಲ್ಲ. ವಿಮಾನ ಸಂಸ್ಥೆಗಳು ಯಾವ ಪಾಸ್‌ಪೋರ್ಟಿಗೆ ಎಲ್ಲಿ ಏನು ಬೇಕು ಅಂತ ನೋಡುವ ಟಿಮ್ಯಾಟಿಕ್ ಅನ್ನೋ ವ್ಯವಸ್ಥೆ ಇದೆ, ಅದರಲ್ಲೂ ಹಾಕಿ ನೋಡಿದಳು, ಮೇಲಿನವರನ್ನೂ ಕರೆದಳು. ವೀಸಾ ಇಲ್ಲದವರನ್ನು ಕರೆದುಕೊಂಡು ಹೋದರೆ ವಿಮಾನ ಸಂಸ್ಥೆಗೇ ದಂಡ ಬೀಳುತ್ತದೆ, ವಾಪಸ್ ಕರೆತರುವ ಹೊಣೆಯೂ ಅವರದೇ. ಅವರು ಬಿಡೋಕೆ ಸಾಧ್ಯವೇ ಇರಲಿಲ್ಲ. ಆ ರಾತ್ರಿ ನಮಗೆ ವಿಷಯವನ್ನು ಸರಿಯಾಗಿ ಬಿಡಿಸಿ ಹೇಳಿದ್ದೂ ಆಕೆಯೇ.

ಆಕೆ ಹೇಳಿದ್ದನ್ನು, ಆಮೇಲೆ ನಾನು ಕೂತು ಓದಿ ಖಚಿತ ಮಾಡಿಕೊಂಡಿದ್ದನ್ನು, ನಿಮಗೂ ಬರೆಯುತ್ತೇನೆ. ನಿಮ್ಮ ಚಾಟಿನವರಿಗೆ ಇದು ಗೊತ್ತಿಲ್ಲ ಅಂತ ಕಾಣುತ್ತದೆ. ಭಾರತೀಯರು ಫ್ರಾಂಕ್‌ಫರ್ಟಿನಲ್ಲಿ ಇಳಿದು, ಇಮಿಗ್ರೇಶನ್ ದಾಟದೆ, ಟ್ರಾನ್ಸಿಟ್ ಜಾಗದಲ್ಲೇ ಇದ್ದು ಮುಂದಿನ ವಿಮಾನ ಹತ್ತಿ ನೇರ ಅಮೆರಿಕಕ್ಕೆ ಹೋಗುವುದಾದರೆ, ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರಿಗೆ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಬೇಡ. ನೀವು ಹೇಳಿದ್ದು ಈ ಒಂದು ಸಂದರ್ಭಕ್ಕೆ ಸರಿ. ಆದರೆ ಜರ್ಮನಿ, ಪೋರ್ಚುಗಲ್ ಎರಡೂ ಷೆಂಗೆನ್ ಒಳಗಿನ ದೇಶಗಳು. ಆ 29 ದೇಶಗಳ ನಡುವೆ ಹಾರುವುದು ಅಂದರೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಾರಿದ ಹಾಗೆ, ಒಳನಾಡಿನ ವಿಮಾನದ ಲೆಕ್ಕ. ಫ್ರಾಂಕ್‌ಫರ್ಟಿನಿಂದ ಲಿಸ್ಬನ್ ವಿಮಾನ ಹತ್ತಬೇಕಾದರೆ ಫ್ರಾಂಕ್‌ಫರ್ಟಿನಲ್ಲೇ ಇಮಿಗ್ರೇಶನ್ ದಾಟಬೇಕು, ಪಾಸ್‌ಪೋರ್ಟ್ ತೋರಿಸಿ ಯುರೋಪಿನ ಒಳಗೆ ಕಾಲಿಡಬೇಕು. ಅದಕ್ಕೆ ಟ್ರಾನ್ಸಿಟ್ ವೀಸಾ ಕೂಡ ಸಾಲದು. ಪೂರ್ತಿ ಷೆಂಗೆನ್ ವೀಸಾನೇ ಬೇಕು, ಅಮೆರಿಕದ ವೀಸಾ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಒಬ್ಬರಿಗೆ 90 ಯುರೋ ಶುಲ್ಕ, ಅಪಾಯಿಂಟ್‌ಮೆಂಟ್, ಬೆರಳಚ್ಚು, ತೀರ್ಮಾನಕ್ಕೇ ಸಾಮಾನ್ಯವಾಗಿ 15 ದಿನ. ರಾತ್ರಿ ಹನ್ನೆರಡಕ್ಕೆ ಕೌಂಟರ್ ಮುಂದೆ ನಿಂತವರು ಅದನ್ನು ಎಲ್ಲಿಂದ ತರುವುದು?

ಇನ್ನೊಂದು ವಿಷಯವೂ ಆಗಲೇ ಗೊತ್ತಾಗಿದ್ದು. ನೀವು ಒಂದೇ ಟಿಕೆಟ್ ಅಂತ ತೋರಿಸಿದ್ದು ಒಂದಲ್ಲ, ಎರಡು. ಲಿಸ್ಬನ್‌ವರೆಗೆ ಒಂದು ಪಿಎನ್‌ಆರ್ (ಬುಕಿಂಗ್ ನಂಬರ್), ಲಿಸ್ಬನ್‌ನಿಂದ ಬಾಸ್ಟನ್‌ಗೆ ಬೇರೆ ಪಿಎನ್‌ಆರ್. ಅಂದರೆ ಲಿಸ್ಬನ್‌ನಲ್ಲಿ ಲಗೇಜ್ ತಾವೇ ತೆಗೆದುಕೊಂಡು, ಹೊರಗೆ ಬಂದು, ಮತ್ತೆ ಚೆಕ್ ಇನ್ ಮಾಡಬೇಕಿತ್ತು. ಒಂದೇ ಪಿಎನ್‌ಆರ್ ಆಗಿದ್ದರೂ ಫ್ರಾಂಕ್‌ಫರ್ಟ್–ಲಿಸ್ಬನ್ ತೊಡಕು ಹಾಗೇ ಇರುತ್ತಿತ್ತು, ಅದು ಬೇರೆ ಮಾತು. ‘ಸೆಲ್ಫ್ ಟ್ರಾನ್ಸ್‌ಫರ್’ ಅನ್ನೋ ಪದ ನಿಮ್ಮ ಆ್ಯಪ್‌ನಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಒಂದು ಬಾಣದ ಗುರುತು ಒತ್ತಿದರೆ ಮಾತ್ರ ಕಾಣುತ್ತದೆ. ಬೆಲೆ ಮಾತ್ರ ಎಷ್ಟು ದೊಡ್ಡದಾಗಿ ಕಾಣುತ್ತದೆ, ಅಲ್ವಾ?

ಅಪ್ಪ ಅಮ್ಮನನ್ನು ಯಲಹಂಕದ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋದೆ. ಅಮ್ಮ ಆ ರಾತ್ರಿ ಸೀರೆಯನ್ನೂ ಬದಲಿಸದೆ ಸೂಟ್‌ಕೇಸಿನ ಪಕ್ಕದಲ್ಲೇ ಕೂತಿದ್ದರು. ನಾನು ನಿಮ್ಮ ಸಹಾಯವಾಣಿಯಲ್ಲಿ ಮೂರು ಸಲ ಲೈನಿನಲ್ಲಿ ಕಾದೆ, ಮೂರು ಸಲವೂ ಬೇರೆ ಬೇರೆಯವರಿಗೆ ಮೊದಲಿಂದ ಕಥೆ ಹೇಳಿದೆ. ಕೊನೆಗೆ ಸಿಕ್ಕ ಉತ್ತರ, ‘ಬೆಳಿಗ್ಗೆ ಹತ್ತರ ಮೇಲೆ ಸಂಬಂಧಪಟ್ಟ ತಂಡ ಕರೆ ಮಾಡುತ್ತದೆ’ ಅಂತ. ಯಾರೂ ಕರೆ ಮಾಡಲಿಲ್ಲ. ನಮ್ಮ ಕೈಗೆಟಕುವ ಬೆಲೆಗೆ ಸೀಟು ಸಿಕ್ಕಿದ್ದು 18ಕ್ಕೆ, ದುಬೈ ಮೇಲೆ, ಒಂದೇ ಪಿಎನ್‌ಆರ್, ಲಗೇಜ್ ಬಾಸ್ಟನ್‌ವರೆಗೂ ನೇರ, ದುಬೈನಲ್ಲಿ ಏರ್‌ಪೋರ್ಟ್ ಒಳಗೇ ಬದಲಾಯಿಸುವುದರಿಂದ ವೀಸಾ ಮಾತೇ ಇಲ್ಲ. ಇಬ್ಬರಿಗೆ 2,28,500 ರೂಪಾಯಿ. ಅದನ್ನು ಬೇರೆ ಕಡೆ ಬುಕ್ ಮಾಡಿದೆ.

ಮಗು ಹುಟ್ಟಿದ್ದು 17ಕ್ಕೆ. ಹೆರಿಗೆ ಕೋಣೆಗೆ ಹೋಗುವ ಮೊದಲು ತಂಗಿ ಫೋನ್ ಮಾಡಿ, ‘ಅಮ್ಮ ಎಲ್ಲಿದ್ದೀಯಾ’ ಅಂತ ಕೇಳಿದಾಗ ಅಮ್ಮ ಯಲಹಂಕದಲ್ಲಿದ್ದರು. ಇದಕ್ಕೆ ನಾನು ನಿಮ್ಮ ಹತ್ತಿರ ದುಡ್ಡು ಕೇಳುತ್ತಿಲ್ಲ, ಕೇಳೋಕೆ ಬರುವಂಥದ್ದೂ ಅಲ್ಲ. ಆದರೆ ‘ನಿಶ್ಚಿಂತೆಯಿಂದ ಬುಕ್ ಮಾಡಿ’ ಅನ್ನೋ ಒಂದು ಸಾಲಿನಿಂದ ಒಂದು ಮನೆಯಲ್ಲಿ ಏನಾಯಿತು ಅಂತ ನಿಮಗೆ ಗೊತ್ತಿರಬೇಕು.

ಈಗ ದುಡ್ಡಿನ ವಿಷಯ. ನೀವು ಮೊದಲ ಟಿಕೆಟ್ಟಿನ ಮೇಲೆ 9,340 ರೂಪಾಯಿ ಮಾತ್ರ ವಾಪಸ್ ಹಾಕಿದ್ದೀರಿ, ಕಾರಣ ‘ನೋ ಶೋ’ ಅಂತ ಬರೆದಿದ್ದೀರಿ. ನೋ ಶೋ ಅಂದರೆ ಬರದೇ ಇದ್ದವರು. ನನ್ನ ಅಪ್ಪ ಅಮ್ಮ ವಿಮಾನ ಹೊರಡುವ ಮೂರು ಗಂಟೆ ಮೊದಲೇ ಕೌಂಟರಿನಲ್ಲಿ ನಿಂತಿದ್ದರು, ವಿಮಾನ ಸಂಸ್ಥೆಯವರು ಕಾರಣ ಬರೆದು ಸಹಿ ಹಾಕಿದ ಕಾಗದ ನನ್ನ ಹತ್ತಿರ ಇದೆ, ಅದರ ಪ್ರತಿಯನ್ನೂ ಕಳಿಸಿದ್ದೇನೆ. ಆ ಪದವನ್ನು ಮೊದಲು ತೆಗೆಯಿರಿ. ನನಗೆ ಒಟ್ಟು ಖರ್ಚಾಗಿದ್ದು, ನೀವು ಕೊಟ್ಟ 9,340 ಕಳೆದು, 3,65,960. ನಿಮ್ಮ ಚಾಟಿನವರು ಸರಿಯಾಗಿ ಹೇಳಿದ್ದರೆ ನಾನು ಫ್ರಾಂಕ್‌ಫರ್ಟಿನಿಂದ ನೇರ ಬಾಸ್ಟನ್ ಟಿಕೆಟನ್ನು 1,58,400ಕ್ಕೆ ತೆಗೆದುಕೊಳ್ಳುತ್ತಿದ್ದೆ, ಆ ದುಡ್ಡು ಹೇಗೂ ಹೋಗುತ್ತಿತ್ತು. ಅದನ್ನೂ ಕಳೆದರೆ ಉಳಿಯುವುದು 2,07,560. ಅಷ್ಟನ್ನೇ ಕೇಳುತ್ತಿದ್ದೇನೆ. ಕಾರಿನ ಬಾಡಿಗೆ ಇದರಲ್ಲಿ ಸೇರಿಸಿಲ್ಲ.

ನಿಮ್ಮ ಷರತ್ತುಗಳನ್ನೂ ಓದಿದ್ದೇನೆ. ದಾಖಲೆಗೆ ಪ್ರಯಾಣಿಕರೇ ಜವಾಬ್ದಾರರು ಅಂತಿದೆ, ನಿಜ. ಕೇಳಿದವರಿಗೆ ತಪ್ಪು ಹೇಳಿದರೂ ನಡೆಯುತ್ತದೆ ಅಂತ ಅದರಲ್ಲಿ ಎಲ್ಲೂ ಇಲ್ಲ. ಗೊತ್ತಿಲ್ಲದಿದ್ದರೆ ‘ರಾಯಭಾರ ಕಚೇರಿಯಲ್ಲಿ ಇಲ್ಲವೇ ವಿಮಾನ ಸಂಸ್ಥೆಯಲ್ಲಿ ಕೇಳಿ’ ಅಂದಿದ್ದರೂ ಸಾಕಿತ್ತು, ನಾನು ಅಲ್ಲಿಗೇ ಹೋಗುತ್ತಿದ್ದೆ.

ದುಡ್ಡು ಕೊಟ್ಟರೆ ಮುಗಿಯಿತು ಅಂತಲೂ ಅಲ್ಲ. ಹೋದ ಭಾನುವಾರ ನಿಮ್ಮ ಆ್ಯಪ್‌ನಲ್ಲಿ ಸುಮ್ನೆ ಬೇರೆ ದಾರಿಗಳನ್ನು ಹಾಕಿ ನೋಡಿದೆ. ಬೆಂಗಳೂರಿಂದ ಮೆಕ್ಸಿಕೋ ಸಿಟಿಗೆ ಅಮೆರಿಕದ ಮೇಲೆ ಹೋಗುವ ಟಿಕೆಟ್ ದುಡ್ಡು ಕಟ್ಟುವ ಪುಟದವರೆಗೂ ಸಲೀಸಾಗಿ ಹೋಯಿತು, ಒಂದು ಎಚ್ಚರಿಕೆಯೂ ಬರಲಿಲ್ಲ. ಅಮೆರಿಕದಲ್ಲಿ ವಿಮಾನ ಬದಲಾಯಿಸುವುದಕ್ಕೂ ಇಮಿಗ್ರೇಶನ್ ದಾಟಲೇಬೇಕು, ಎರಡು ಗಂಟೆಯ ನಿಲುಗಡೆಯಾದರೂ ನಮ್ಮವರಿಗೆ ವೀಸಾ ಬೇಕು. ಟೊರಾಂಟೊ ಮೇಲೆ ಹೋಗುವುದನ್ನು ಹಾಕಿದೆ, ಅಲ್ಲೂ ಇಲ್ಲ. ಕೆನಡಾದ ಟ್ರಾನ್ಸಿಟ್ ವೀಸಾಕ್ಕೆ ಶುಲ್ಕ ಇಲ್ಲ, ಆದರೆ ಮೊದಲೇ ಅರ್ಜಿ ಹಾಕಿ ಪಡೆದಿರಬೇಕು. ಪ್ಯಾರಿಸ್‌ನಲ್ಲಿ ಇಳಿದು ಆಮ್‌ಸ್ಟರ್‌ಡ್ಯಾಮ್ ಮೇಲೆ ಹೋಗುವ ಟಿಕೆಟ್ಟೂ ಸಿಕ್ಕಿತು, ನಮ್ಮದೇ ತೊಂದರೆ, ಊರು ಮಾತ್ರ ಬೇರೆ. ಊಟದಲ್ಲಿ ವೆಜ್ಜಾ ನಾನ್‌ವೆಜ್ಜಾ, ಕಿಟಕಿ ಸೀಟಾ, ವಿಮೆ ಬೇಕಾ ಅಂತೆಲ್ಲ ಕೇಳುವ ಆ್ಯಪ್ ‘ಯಾವ ದೇಶದ ಪಾಸ್‌ಪೋರ್ಟ್, ಯಾವ ವೀಸಾ ಇದೆ’ ಅಂತ ದುಡ್ಡು ಕಟ್ಟುವ ಮೊದಲು ಕೇಳಬಹುದಲ್ಲ? ಎರಡು ಷೆಂಗೆನ್ ಏರ್‌ಪೋರ್ಟ್ ಒಟ್ಟಿಗೆ ಬಂದ ಕಡೆ ಒಂದು ಕೆಂಪು ಸಾಲು ತೋರಿಸುವುದು ನಿಮಗೆ ಕಷ್ಟದ ಕೆಲಸ ಅಲ್ಲ. ಎರಡು ಪಿಎನ್‌ಆರ್ ಇದ್ದರೆ ಅದನ್ನು ಬೆಲೆಯಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕನ್ನಡದಲ್ಲೂ ಬರೆಯಿರಿ. ನನ್ನ ಅಪ್ಪ ಅಮ್ಮನಂತೆ ಮಕ್ಕಳ ಮನೆಗೆ ಹೊರಟವರು ಈ ಊರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ.

2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮೊದಲ ಪತ್ರಕ್ಕೆ ಆ ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ ಇದೆ. ಅಷ್ಟರಲ್ಲಿ ಹಣ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆಯಲ್ಲಿ ನಾವಿರುವ ಊರಿನಲ್ಲೇ ದೂರು ಹಾಕಲು ಅವಕಾಶ ಇದೆ. ಕಾಗದಗಳನ್ನು ಅಪ್ಪ ಆಗಲೇ ಬಾಸ್ಟನ್‌ನಿಂದ ಸ್ಕ್ಯಾನ್ ಮಾಡಿ ಕಳಿಸಿದ್ದಾರೆ.

ಇದರ ಜೊತೆ ಇರುವುದು: ಚಾಟಿನ ಪ್ರತಿ, ಎರಡು ಪಿಎನ್‌ಆರ್‌ಗಳ ಟಿಕೆಟ್, ಕೌಂಟರಿನಲ್ಲಿ ಕೊಟ್ಟ ಕಾಗದ, ಹೊಸ ಟಿಕೆಟ್ಟಿನ ರಸೀದಿ. ಉತ್ತರ ಬರೆಯುವಾಗ ಆ ಹಳೇ ಸಾಲನ್ನೇ ಮತ್ತೆ ಕಳಿಸಬೇಡಿ. ಚಾಟಿನಲ್ಲಿ ನಾನು ‘ಲಿಸ್ಬನ್‌ಗೂ ಬೇಡವಾ’ ಅಂತ ಕೇಳಿದ್ದೇನೆ, ನಿಮ್ಮವರು ‘ಬೇಡ ಮೇಡಂ’ ಅಂದಿದ್ದಾರೆ. ಅದಕ್ಕೆ ಉತ್ತರ ಕೊಡಿ.

ಇಂತಿ,
ಟಿಕೆಟ್ ಬುಕ್ ಮಾಡಿದ ಮಗಳು,
ದಾವಣಗೆರೆ