ಮುಚ್ಚಿಟ್ಟಿದ್ದು ಬಲೂನನ್ನು

ಪ್ರೀತಿಯ ಪುಟ್ಟಿ,

ಹಾರುವ ತಟ್ಟೆಗಳ ವಿಷಯವನ್ನು ಅಮೆರಿಕದ ಮಿಲಿಟರಿ ಮುಚ್ಚಿಟ್ಟಿದೆ ಅಂತಾರಲ್ಲ, ನಿಜಾನಾ ಅಪ್ಪಾ ಅಂತ ಫೋನಿನಲ್ಲಿ ಕೇಳಿದ್ದೆ. ಮುಚ್ಚಿಟ್ಟಿದ್ದು ನಿಜ. ಆದರೆ ಮುಚ್ಚಿಟ್ಟಿದ್ದು ಏನನ್ನು ಅನ್ನೋದು ಮುಖ್ಯ. ಅದಕ್ಕೇ ನಿನಗೆ ಥಾಮಸ್ ಮ್ಯಾಂಟೆಲ್ ಎಂಬ ಪೈಲಟ್‌ನ ಬಗ್ಗೆ ಬರೆಯುತ್ತಿದ್ದೇನೆ.

1948ರ ಜನವರಿ 7, ಮಧ್ಯಾಹ್ನ. ಕೆಂಟಕಿ ರಾಜ್ಯದ ಗಾಡ್ಮನ್ ಫೀಲ್ಡ್ ವಾಯುನೆಲೆಯ ಟವರಿನಲ್ಲಿದ್ದವರಿಗೆ ಆಕಾಶದಲ್ಲಿ ಬೆಳ್ಳಗೆ, ದುಂಡಗೆ ಏನೋ ಕಾಣಿಸಿತು. ದುರ್ಬೀನು ಹಿಡಿದರೂ ಏನೆಂದು ತಿಳಿಯಲಿಲ್ಲ. ಅದೇ ದಾರಿಯಲ್ಲಿ ಬರುತ್ತಿದ್ದ ಮಸ್ಟಾಂಗ್ ಯುದ್ಧವಿಮಾನಗಳಿಗೆ ಸ್ವಲ್ಪ ನೋಡಿ ಅಂದರು. ತಂಡದ ನಾಯಕ ಕ್ಯಾಪ್ಟನ್ ಮ್ಯಾಂಟೆಲ್. ವಯಸ್ಸು 25. ಅಷ್ಟರಲ್ಲೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿ ಬಂದಿದ್ದವನು. ಅದು ಲೋಹದ ಹಾಗೆ ಕಾಣುತ್ತಿದೆ, ತುಂಬಾ ದೊಡ್ಡದಿದೆ ಅಂತ ರೇಡಿಯೊದಲ್ಲಿ ಹೇಳುತ್ತಾ ಮೇಲೇರಿದ. ಅವನ ವಿಮಾನದಲ್ಲಿ ಆಕ್ಸಿಜನ್ ಇರಲಿಲ್ಲ. ಜೊತೆಯವರು ಹಿಂದಿರುಗಿದರು. ಅವನು 22,000 ಅಡಿ ಆಸುಪಾಸಿಗೂ ಏರುತ್ತಲೇ ಇದ್ದ. ಅಷ್ಟು ಎತ್ತರದಲ್ಲಿ ತಲೆ ಮಂಕಾಗಿ ಎಚ್ಚರ ತಪ್ಪುತ್ತದೆ. ವಿಮಾನ ಫ್ರಾಂಕ್ಲಿನ್ ಊರಿನ ಹತ್ತಿರ ಬಿದ್ದಿತು, ಮ್ಯಾಂಟೆಲ್ ಸತ್ತುಹೋದ.

ವಾಯುಪಡೆ ಮೊದಲು ಕೊಟ್ಟ ಉತ್ತರ ಶುಕ್ರಗ್ರಹ. ಹಗಲಲ್ಲಿ ಶುಕ್ರ ಚುಕ್ಕಿಯಷ್ಟು ಮಸುಕು. ಅಷ್ಟು ಜನರಿಗೆ ಅಷ್ಟು ದೊಡ್ಡದಾಗಿ ಕಾಣೋದು ಹೇಗೆ? ಜನ ನಂಬಲಿಲ್ಲ. ನಂಬದೇ ಇದ್ದಿದ್ದು ಸರಿಯಾಗೇ ಇತ್ತು. ಕೆಲವು ವರ್ಷ ಕಳೆದ ಮೇಲೆ ವಾಯುಪಡೆಯ ಎಡ್ವರ್ಡ್ ರಪ್ಪೆಲ್ಟ್ ಆ ಕಡತವನ್ನು ಮತ್ತೆ ತೆರೆದರು. ಅವರಿಗೆ ಹೊಂದಿಕೆಯಾಗಿ ಕಂಡಿದ್ದು ಸ್ಕೈಹುಕ್ ಬಲೂನು. ನೌಕಾಪಡೆಯದು. ಪ್ಲಾಸ್ಟಿಕ್ಕಿನದು, ಸುಮಾರು 100 ಅಡಿ ಅಗಲ. ಮಸ್ಟಾಂಗ್ ಯಾವತ್ತೂ ಮುಟ್ಟಲಾಗದ ಎತ್ತರದಲ್ಲಿ ಬಿಸಿಲಿಗೆ ಹೊಳೆಯುತ್ತದೆ. ಆದರೆ 1948ರಲ್ಲಿ ಅದು ಗುಟ್ಟಿನ ಯೋಜನೆ. ಟವರಿನವರಿಗೂ ಗೊತ್ತಿಲ್ಲ, ಮ್ಯಾಂಟೆಲ್‌ಗೂ ಗೊತ್ತಿಲ್ಲ.

ಇದನ್ನು ಓದಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಅದು ಬಲೂನು ಕಣಪ್ಪಾ, ಬಿಟ್ಟುಬಿಡು ಅಂತ ಹೇಳೋರು ಒಬ್ಬರಾದರೂ ಇದ್ದಿದ್ದರೆ ಆ ಹುಡುಗ ಸಾಯುತ್ತಿರಲಿಲ್ಲವೇನೋ.

ಹಾರುವ ತಟ್ಟೆ ಬಿತ್ತು ಅಂತ ಹೆಸರಾದ ಅಮೆರಿಕದ ಊರು ರಾಸ್‌ವೆಲ್‌ನದೂ ಹೀಗೇ. 1947ರಲ್ಲಿ ಅಲ್ಲಿ ಸಿಕ್ಕಿದ ಚೂರುಗಳು ಮೊಗಲ್ ಯೋಜನೆಯವು ಅಂತ ವಾಯುಪಡೆ 1994ರಲ್ಲಿ ಹೇಳಿತು. ಸೋವಿಯತ್ ಅಣುಬಾಂಬಿನ ಸದ್ದು ಹಿಡಿಯಲು ಗುಟ್ಟಾಗಿ ಬಿಟ್ಟ ಬಲೂನುಗಳ ಸರ ಅದು.

ಇಂಥ ವರದಿಗಳನ್ನು ಪರಿಶೀಲಿಸುತ್ತಿದ್ದ ವಾಯುಪಡೆಯ ಬ್ಲೂ ಬುಕ್ ಯೋಜನೆ 1969ರಲ್ಲಿ ಮುಗಿದಾಗ ಲೆಕ್ಕಕ್ಕೆ ಸಿಕ್ಕಿದ್ದು 12,618 ವರದಿಗಳು. ಜಾಸ್ತಿಯವು ಗ್ರಹ, ನಕ್ಷತ್ರ, ಉಲ್ಕೆ, ವಿಮಾನ, ಬಲೂನು ಇಂಥವೇ. 701 ಬಿಡಿಸಲಾಗದೆ ಉಳಿದವು. ಬಿಡಿಸಲಾಗಲಿಲ್ಲ ಅಂದರೆ ಬೇರೆ ಲೋಕದವರು ಬಂದಿದ್ದರು ಅಂತ ಅಲ್ಲ, ಅಲ್ವಾ? ಹಾಗಂತ ನೋಡಿದವರೆಲ್ಲ ಸುಳ್ಳು ಹೇಳಿದರು ಅಂತಲೂ ಅಲ್ಲ. ಮ್ಯಾಂಟೆಲ್ ಕಂಡಿದ್ದನ್ನೇ ಹೇಳಿದ. ಅಲ್ಲಿ ನಿಜವಾಗಿಯೂ ದೊಡ್ಡದೊಂದು ವಸ್ತು ಹೊಳೆಯುತ್ತಿತ್ತು.

2025ರ ಜನವರಿಯಲ್ಲಿ ನಮ್ಮ ಬೀದರ್ ಜಿಲ್ಲೆಯ ಜಲಸಂಗಿಯಲ್ಲೂ ಇಂಥ ದೊಡ್ಡ ಬಲೂನು ಬಿತ್ತು. ಜನ ಗಾಬರಿಯಾದರು. ಅದು ಹೈದರಾಬಾದಿನಿಂದ ಟಿಐಎಫ್ಆರ್ ಎಂಬ ವಿಜ್ಞಾನ ಸಂಸ್ಥೆ ಸಂಶೋಧನೆಗೆ ಬಿಟ್ಟಿದ್ದು. ಅದರ ಜೊತೆ ಕನ್ನಡದಲ್ಲೇ ಬರೆದ ಪತ್ರ ಇತ್ತಂತೆ. ಊರಿನವರು ಪೊಲೀಸರಿಗೆ ತಿಳಿಸಿದರು, ಏನು ಎತ್ತ ಅಂತ ಬೇಗ ಗೊತ್ತಾಯಿತು.

ನಿನ್ನ,
ಅಪ್ಪ